ಬೇಡ ಎಂದವನಿಗೆ ಏಳು ದಿನದ ಬಿಡುವು

ಹೇಳಿ ನೋಡೋಣ. ಏಳು ದಿನದ ಬಿಡುವಿನ ಮೇಲೆ ಹೊರಗೆ ಹೋದ ಎಪ್ಪತ್ತೆಂಟು ವರ್ಷದ ಕೈದಿಯೊಬ್ಬ ಏಳನೆಯ ದಿನ, ಹೊತ್ತು ಮುಳುಗುವ ಮೊದಲೇ, ಯಾರೂ ಹಿಡಿದು ತರದೆ, ತನ್ನ ಕಾಲ ಮೇಲೆ ತಾನೇ ನಡೆದು ಬಂದು ಕೋಟೆಯ ಬಾಗಿಲು ತಟ್ಟಿದ. ‘ಬಂದಿದ್ದೀನಿ, ತೆಗೀರಿ’ ಅಂದ. ಆಮೇಲೆ ಏನಾಗಿರಬಹುದು?

ಊಹೂಂ, ಅಲ್ಲ. ಹಾಗೆ ಆಗಿದ್ದರೆ ನಾನು ಇದನ್ನು ಇಷ್ಟು ಸಂತೋಷದಿಂದ ಹೇಳುತ್ತಿರಲಿಲ್ಲ. ಇನ್ನೊಂದು ಸಲ ಊಹಿಸಿ. ಅದೂ ಅಲ್ಲ. ಬಿಡಿ, ಆ ಊರಿನವರಲ್ಲದೆ ಬೇರೆ ಯಾರಿಗೂ ಅದು ಹೊಳೆಯುವಂಥದ್ದಲ್ಲ. ನಾನು ಆ ಊರಿನವನು. ಅಲ್ಲಿಯ ಕೋಟೆಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ದಫ್ತರ ಬರೆದು ನಿವೃತ್ತನಾದವನು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದೆ. ಅದನ್ನು ನೋಡಿಯೇ ಕರೆದು ಕೆಲಸ ಕೊಟ್ಟರು. ಯಾಕೆ ಹಾಗೆ ನೋಡುತ್ತೀರಿ? ನೀವು ಕೇಳಿದಿರಿ ಅಂತ ತಾನೇ ಹೇಳುತ್ತಿರುವುದು? ಕೇಳಲಿಲ್ಲವೇ? ಕೇಳದೆ ಯಾಕೆ ಬಂದು ಕೂತಿರಿ ಹಾಗಾದರೆ? ಇರಲಿ, ಬೇಜಾರು ಮಾಡಿಕೊಳ್ಳಬೇಡಿ. ಅದು ನಮ್ಮೂರಿನ ಅಭ್ಯಾಸ.

ನಮ್ಮೂರಿನಲ್ಲಿ ಇಬ್ಬರು ಎದುರಾದರೆ ನಮಸ್ಕಾರ ಅನ್ನುವುದಿಲ್ಲ. ‘ಯಾಕೆ ಬಂದ್ರಿ?’ ಅನ್ನುತ್ತೇವೆ. ‘ಸುಮ್ಮನೆ ಬಂದೆ’ ಎಂದು ಯಾರಾದರೂ ಉತ್ತರ ಕೊಟ್ಟರೆ ಆ ಬೀದಿಯ ಕದಗಳೆಲ್ಲ ಮುಚ್ಚಿಕೊಳ್ಳುತ್ತವೆ. ಒಂದೊಂದು ಕದಕ್ಕೂ ಮೂರು ಇಣುಕುಗಂಡಿ: ದೊಡ್ಡವರ ಕಣ್ಣಿಗೊಂದು, ಮಕ್ಕಳ ಕಣ್ಣಿಗೊಂದು, ನೆಲದ ಮಟ್ಟದಲ್ಲಿ ಇನ್ನೊಂದು, ತೆವಳಿಕೊಂಡು ಬರುವವರಿದ್ದರೆ ಕಾಣಲಿ ಅಂತ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡನ್ನು ಒಂಬತ್ತು ಸಲ ಎಣಿಸುತ್ತಾರೆ. ಇರುವವನು ಒಬ್ಬನೇ, ಆದರೂ ಎಣಿಸುತ್ತಾರೆ. ಒಂಬತ್ತು ಸಲವೂ ಒಂದೇ ಲೆಕ್ಕ ಬಂದರೆ, ಅದು ಹೇಗೆ ಬಂತು ಅಂತ ಮತ್ತೆ ಎಣಿಸುತ್ತಾರೆ.

ಊರ ಮೇಲಿನ ಗುಡ್ಡದಲ್ಲಿ ಕೋಟೆ. ಕೋಟೆಯೊಳಗೆ ಕೈದಿಗಳು. ಒಳಗೆ ಹಾಕಲು ಪಕ್ಕದಲ್ಲೊಂದು ದಿಡ್ಡಿಬಾಗಿಲು. ಕೈದಿಯ ಪಾಲಿಗೆ ಅದು ಒಳಕ್ಕೆ ಮಾತ್ರ ತೆರೆಯುವ ಬಾಗಿಲು. ಹೊರಗೆ ಬಿಡಲು ಎದುರಿನ ದೊಡ್ಡ ಬಾಗಿಲು. ಅದರ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೊರೆದಿದ್ದಾರೆ: ‘ಸಂಶಯ ಇರುವ ತನಕ ಬಾಗಿಲು ತೆರೆಯತಕ್ಕದ್ದಲ್ಲ.’ ಅರವತ್ತೈದು ತುಂಬಿದ, ಇಪ್ಪತ್ತು ವರ್ಷ ಶಿಕ್ಷೆ ಕಳೆದ ಕೈದಿ ವರ್ಷಕ್ಕೊಮ್ಮೆ ಏಳು ದಿನದ ಬಿಡುವು ಕೇಳಬಹುದು. ನಿಮ್ಮ ಕಡೆ ಪೆರೋಲು ಅನ್ನುತ್ತೀರಲ್ಲ, ಅದೇ. ಕೇಳಬಹುದು. ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕೇಳಿದ ದಿನ ಬಾಗಿಲಿನ ಎದುರು ಕಲ್ಲುಹಾಸಿನ ಮೇಲೆ ಐದು ಜನ ಶಂಕೆಗಾರರು ಕೂರುತ್ತಾರೆ. ಒಬ್ಬೊಬ್ಬರ ಮುಂದೆಯೂ ಮುತ್ತುಗದ ಎಲೆ, ಎಲೆಯ ಮೇಲೆ ಒಂದು ಮುದ್ದೆ ಹಸಿಮಣ್ಣು. ಕೈದಿ ಬಾಗಿಲ ಪಕ್ಕದ ಕಿಂಡಿಯಲ್ಲಿ ಮುಖವಿಟ್ಟು ನಿಲ್ಲುತ್ತಾನೆ. ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿ ಅನ್ನಿಸಿದರೆ ಮಣ್ಣನ್ನು ಪಕ್ಕದ ನೀರಿನ ಕೊಪ್ಪರಿಗೆಗೆ ಹಾಕಬೇಕು. ಸಂಶಯ ಉಳಿದರೆ ಎದ್ದು ಹೋಗಿ ಬಾಗಿಲಿಗೆ ಪಟ್ಟನೆ ತಟ್ಟಬೇಕು. ಒಂದೇ ಒಂದು ಮುದ್ದೆ ಅಂಟಿದರೂ ಬಾಗಿಲು ಆ ವರ್ಷಕ್ಕೆ ಮುಚ್ಚಿದಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಆ ಬಾಗಿಲಿನ ಮರ ಕಾಣುತ್ತಿರಲಿಲ್ಲ. ಗೋಡೆಯ ತುಂಬ ಬೆರಣಿ ತಟ್ಟಿದ ಹಾಗೆ, ಒಂದರ ಮೇಲೊಂದು, ಬೆರಳಚ್ಚು ಸಮೇತ ಒಣಗಿದ ಸಂಶಯಗಳು. ಯಾರ ಸಂಶಯ ಯಾವುದೆಂದು ಬೆರಳು ನೋಡಿ ಹೇಳುವವರಿದ್ದರು. ‘ಇದು ನಮ್ಮ ತಾತಂದು’ ಅಂತ ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು.

ಆ ಕೋಟೆಯಲ್ಲಿ ಬಿಡುವಿಗೆ ವಯಸ್ಸಾದವರು ಹನ್ನೆರಡು ಜನ. ಅವರಲ್ಲಿ ಎಲ್ಲರಿಗಿಂತ ಮುದುಕನಾದವನನ್ನು ಹಿರಿಯ ಕೈದಿ ಎನ್ನುತ್ತಿದ್ದೆವು. ಅವನು ಮಾಡಿದ್ದು ಸಣ್ಣ ತಪ್ಪಲ್ಲ. ಮೂವತ್ತೊಂದನೇ ವಯಸ್ಸಿನಲ್ಲಿ ಸಿಟ್ಟಿನ ಭರದಲ್ಲಿ ಒಬ್ಬನನ್ನು ಕೊಂದಿದ್ದ. ಅದನ್ನು ಅವನು ಎಂದೂ ಇಲ್ಲ ಎನ್ನಲಿಲ್ಲ. ನಲವತ್ತೇಳು ವರ್ಷದಿಂದ ಒಳಗಿದ್ದ. ಗುಡ್ಡದ ಕೆಳಗೆ, ಕೋಟೆಯಿಂದ ಕಾಣುವಷ್ಟು ಹತ್ತಿರದಲ್ಲಿ ಅವನ ಅಕ್ಕನ ಮನೆ. ದಿನಾ ಬೆಳಗ್ಗೆ ಅವನು ಗೋಡೆಯ ಬಿರುಕಿಗೆ ಕಣ್ಣಿಟ್ಟು ಆ ಮನೆಯ ಹೊಗೆ ನೋಡುತ್ತಿದ್ದ. ಹೊಗೆ ಎದ್ದರೆ ಅಕ್ಕ ಇದ್ದಾಳೆ. ಹೊಗೆ ಎದ್ದ ಮೇಲೆಯೇ ಅವನು ಮುಖ ತೊಳೆಯುತ್ತಿದ್ದದ್ದು. ಬಿಡುವನ್ನು ಹದಿಮೂರು ಸಲ ಕೇಳಿದ್ದ. ಹದಿಮೂರು ಸಲವೂ ಮಣ್ಣು ಬಿದ್ದಿತ್ತು.

ಹದಿನಾಲ್ಕನೆಯ ಸಲ ಕೇಳಿದ ವರ್ಷ ಚಳಿ ಜಾಸ್ತಿ. ನಾನು ಎಂದಿನಂತೆ ದಫ್ತರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಐವರಲ್ಲಿ ನಡುವೆ ಹಿರಿಯ ಶಂಕೆಗಾರ, ಅವನ ಬಲಕ್ಕೆ ವೈದ್ಯ ಮತ್ತು ಮೇಷ್ಟ್ರು, ಎಡಕ್ಕೆ ಬಳೆಗಾರ್ತಿ ಮತ್ತು ಗಾಣದವನು. ಕಿಂಡಿಯಲ್ಲಿ ಮುದುಕನ ಮುಖ.

‘ಯಾಕೆ ಹೋಗಬೇಕು?’ ಅಂದ ವೈದ್ಯ.

‘ಅಕ್ಕ ಇದ್ದಾಳೆ ಸ್ವಾಮಿ. ತೊಂಬತ್ತೊಂದು ವರ್ಷ. ನಮ್ಮವ್ವ ಹೋದಾಗ ನನಗೆ ಮೂರು, ಎತ್ತಿ ಸಾಕಿದವಳು ಅವಳೇ. ಈಗ ಕಣ್ಣು ಕಾಣಲ್ಲ, ಗಂಜಿ ಗಂಟಲಲ್ಲಿ ಇಳಿಯಲ್ಲ ಅಂತ ಸುದ್ದಿ ಬಂದಿದೆ. ಹೋಗೋ ಹೊತ್ತಲ್ಲಿ ಬಾಯಿಗೆ ನಾಲ್ಕು ತೊಟ್ಟು ನೀರು ಬಿಡೋಕೆ ನನ್ನ ಬಿಟ್ಟರೆ ಯಾರೂ ಇಲ್ಲ. ಅಷ್ಟೇ ಸ್ವಾಮಿ, ಇನ್ನೇನಿಲ್ಲ.’

‘ಕಾಲು ಯಾಕೆ ಎಳೀತೀಯ?’

‘ವಾತ, ಸ್ವಾಮಿ.’

‘ವಾತ ಅಲ್ಲ. ಇವನೆಲ್ಲಿ ಓಡ್ತಾನೆ ಅಂತ ನಾವು ಅಂದ್ಕೊಳ್ಳಲಿ ಅಂತ.’ ವೈದ್ಯ ಎದ್ದ. ಪಟ್.

ಬಳೆಗಾರ್ತಿ ಕತ್ತು ಚಾಚಿ ನೋಡಿದಳು. ‘ಅಕ್ಕ ಸಾಯ್ತಾ ಇದ್ದಾಳೆ ಅಂತೀಯ. ಕಣ್ಣಲ್ಲಿ ಒಂದು ಹನಿ ಇಲ್ವಲ್ಲಪ್ಪ?’

‘ಹೋದ ವರ್ಷ ಅತ್ತಿದ್ದೆ ತಾಯಿ.’

‘ಹೌದು, ಅತ್ತಿದ್ದ,’ ಅಂದ ಗಾಣದವನು, ‘ಆದರೆ ಹೋದ ವರ್ಷ ಅವಳು ಸಾಯಲಿಲ್ಲ. ಹಾಗಾದರೆ ಅದೆಂಥ ಅಳು?’ ಇಬ್ಬರೂ ಒಟ್ಟಿಗೇ ಎದ್ದರು. ಪಟ್. ಪಟ್.

ಮೇಷ್ಟ್ರು ನನ್ನ ತೊಡೆಯ ಮೇಲಿನ ದಫ್ತರದ ಕಡೆ ಬೆರಳು ಮಾಡಿದರು. ‘ನಲವತ್ತೇಳು ವರ್ಷದಲ್ಲಿ ಇವನು ಒಳಗೆ ಒಂದೂ ತಪ್ಪು ಮಾಡಿಲ್ಲ ಅಂತ ಬರೆದಿದೆ. ಒಂದೂ ಇಲ್ಲ! ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಒಂದು ಗಂಟೆ ತಪ್ಪು ಮಾಡದೆ ಕೂತ ಹುಡುಗನನ್ನ ನೋಡಿಲ್ಲ. ಇವನು ಏನೋ ದೊಡ್ಡದಕ್ಕೆ ಅಂತ ಕೂಡಿಟ್ಕೊಂಡಿದ್ದಾನೆ.’ ಪಟ್.

ಹಿರಿಯ ಶಂಕೆಗಾರ ಏನೂ ಕೇಳಲೇ ಇಲ್ಲ. ‘ನನ್ನ ಸಂಶಯ ನನ್ನ ಹತ್ರಾನೇ ಇರಲಿ’ ಎಂದು ಎದ್ದು ತಟ್ಟಿ, ಕೈ ತೊಳೆದುಕೊಳ್ಳಲು ನೀರು ಕೇಳಿದ.

ಆಗ ಕಿಂಡಿಯಿಂದ ಮಾತು ಬಂತು. ಸಿಟ್ಟಿರಲಿಲ್ಲ. ಇಷ್ಟು ವರ್ಷ ಹೊತ್ತದ್ದನ್ನು ಕೆಳಗಿಟ್ಟಂತಿತ್ತು.

‘ಬೇಡ ಬಿಡಿ ಸ್ವಾಮಿ. ಇನ್ನು ಮೇಲೆ ಕೇಳಲ್ಲ. ನನಗೆ ಬಿಡುವು ಬೇಡ.’

ಮುಖ ಕಿಂಡಿಯಿಂದ ಹಿಂದೆ ಸರಿಯಿತು.

ನೀರಿನ ಚೊಂಬು ಹಿಡಿದಿದ್ದ ಹಿರಿಯ ಶಂಕೆಗಾರನ ಕೈ ಹಾಗೇ ನಿಂತಿತು. ಕಲ್ಲುಹಾಸಿನಿಂದ ಯಾರೂ ಏಳಲಿಲ್ಲ. ಬೇಕು ಎಂದವರನ್ನು ನಮ್ಮೂರು ಬೇಕಾದಷ್ಟು ನೋಡಿತ್ತು. ಅತ್ತು ಕೇಳಿದವರು, ನಕ್ಕು ಕೇಳಿದವರು, ಹಾಡಿ ಕೇಳಿದವನೂ ಒಬ್ಬನಿದ್ದ. ಬೇಡ ಎಂದವನನ್ನು ನೋಡಿರಲಿಲ್ಲ.

‘ಬೇಡ ಅಂದನಾ?’ ಅಂದಳು ಬಳೆಗಾರ್ತಿ.

‘ಬೇಡ ಅಂದ,’ ಅಂದೆ ನಾನು. ಬರೆದೂ ಆಗಿತ್ತು.

‘ಯಾಕೆ ಬೇಡ?’ ಗಾಣದವನ ದನಿ ಸಣ್ಣಗಾಗಿತ್ತು. ‘ಹೊರಗಿನದು ಬೇಡ ಅಂದ್ರೆ, ಒಳಗೆ ಏನೋ ಇದೆ.’

‘ಅದೇ ನಾನು ಹೇಳಿದ್ದು, ಕೂಡಿಟ್ಕೊಂಡಿದ್ದಾನೆ ಅಂತ!’ ಮೇಷ್ಟ್ರು ಎದ್ದೇ ನಿಂತರು. ‘ಕೋಣೆಯ ನೆಲದಲ್ಲಿ ಇದೆ. ಅಗೆದು ನೋಡಬೇಕು.’

‘ಅವನು ಅಲ್ಲೇ ಕೂತಿದ್ದರೆ ಹೇಗೆ ಅಗೆಯೋದು? ನಾವೆಲ್ಲಿ ಅಗೀತೀವಿ ಅಂತ ನೋಡ್ತಾ ಇರ್ತಾನೆ.’

‘ಬೇರೆ ಕೋಣೆಗೆ ಹಾಕೋಣ.’

‘ಅಲ್ಲೂ ಏನಾದ್ರೂ ಬಚ್ಚಿಟ್ರೆ? ಆಮೇಲೆ ಅದನ್ನೂ ಅಗೀಬೇಕು.’

ಕೊನೆಗೆ ಹಿರಿಯ ಶಂಕೆಗಾರ ಚೊಂಬನ್ನು ಕೆಳಗಿಟ್ಟ. ‘ಏಳು ದಿನ ಹೊರಗೆ ಹಾಕಿ. ಹೋಗೋಕೆ ಇಷ್ಟವೇ ಇಲ್ಲದವನು ಓಡಿ ಹೋಗ್ತಾನಾ? ಇದರಲ್ಲಿ ಯಾರಿಗಾದರೂ ಸಂಶಯ ಇದೆಯಾ?’

ಯಾರಿಗೂ ಇರಲಿಲ್ಲ. ನೋಡಿ, ತರ್ಕ ಓದಿದವನು ನಾನು, ನನಗೂ ಅದರಲ್ಲಿ ಹುಳುಕು ಸಿಗಲಿಲ್ಲ. ಐದು ಹೊಸ ಮುದ್ದೆ ತರಿಸಿದರು. ಐದನ್ನೂ ಕೊಪ್ಪರಿಗೆಗೆ ಹಾಕಿದರು. ಅದು ಬಿದ್ದ ಸದ್ದು ಆ ಊರಿನಲ್ಲಿ ಯಾರೂ ಕೇಳಿದ್ದಲ್ಲ. ಬಾವಿಗೆ ಕಪ್ಪೆ ಹಾರಿದ ಹಾಗಿತ್ತು.

ಮಾರನೆಯ ಬೆಳಗ್ಗೆ ಆರು ಆಳುಗಳು ಹಾರೆ ಹಿಡಿದು ಬಾಗಿಲಿನ ಮಣ್ಣು ಕೆತ್ತಿದರು. ತಾತಂದಿರ ಸಂಶಯಗಳು ಹೆಂಟೆ ಹೆಂಟೆಯಾಗಿ ಬಿದ್ದವು. ಊರಿನವರು ದೂರ ನಿಂತು ತಮ್ಮ ತಮ್ಮ ಮನೆತನದ್ದನ್ನು ಗುರುತಿಸಿ ಮಡಿಲಿಗೆ ಹಾಕಿಕೊಂಡರು. ಮುದುಕನ ರಟ್ಟೆ ಹಿಡಿದು ಕಾವಲುಗಾರ ಹೊರಗೆ ತಂದ. ಆ ಕಾವಲುಗಾರ ಇಪ್ಪತ್ತು ವರ್ಷ ಅವನ ಜೊತೆ ಒಂದೇ ಚಟ್ಟಿಯಿಂದ ಸಾರು ಬಡಿಸಿಕೊಂಡು ಉಂಡವನು.

‘ಹೋಗಜ್ಜ, ಹುಕುಂ ಆಗಿದೆ.’

‘ಬೇಡ ಅಂದೆನಲ್ಲ ಮಾರಾಯ. ಈ ವಯಸ್ಸಲ್ಲಿ ತಮಾಷೆ ಮಾಡಬೇಡ.’

‘ಬೇಡ ಅಂದಿದ್ದಕ್ಕೇ ಕೊಟ್ಟಿದ್ದಾರೆ. ಹೋಗು, ಮತ್ತೆ ಬೇಕು ಅಂತ ಮಾತ್ರ ಬಾಯಿ ಬಿಡಬೇಡ.’

ಹಿರಿಯ ಶಂಕೆಗಾರ ಅಡ್ಡ ಬಂದ. ‘ಏಳನೇ ದಿನ, ಹೊತ್ತು ಮುಳುಗೋ ಮುಂಚೆ, ಹೋದ ಬಾಗಿಲಿಂದಲೇ ವಾಪಸು.’

‘ಬರ್ತೀನಿ ಸ್ವಾಮಿ.’

‘ಯಾಕೆ ಬರ್ತೀಯ?’

‘ಒಳಗೆ ಇನ್ನೂ ಹನ್ನೊಂದು ಜನ ಮುದುಕರಿದ್ದಾರಲ್ಲ. ನಾನು ಬರದೆ ಹೋದರೆ ಅವರಿಗೆ ಈ ಬಾಗಿಲು ಯಾವತ್ತೂ ತೆಗೆಯಲ್ಲ.’

ಹಿರಿಯ ಶಂಕೆಗಾರ ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದ. ‘ಇದನ್ನ ಬರ್ಕೋ. ಅಷ್ಟು ಒಳ್ಳೇ ಉತ್ತರ ಒಳ್ಳೇದಲ್ಲ.’

ಮುದುಕನ ಹಿಂದೆ ಒಬ್ಬ ಹಿಂಬಾಲಕನನ್ನು ಕಳಿಸಿದರು. ಹಿಂಬಾಲಕನ ಮೇಲೆ ನಂಬಿಕೆ ಹೇಗೆ? ಅವನ ಹಿಂದೆ ಎರಡನೆಯವನನ್ನು ಕಳಿಸಿದರು. ಸಂಜೆ ಸಂಜೆ ಇಬ್ಬರ ವರದಿಯೂ ನನ್ನ ಕೈಗೆ ಬರುತ್ತಿತ್ತು. ಮೊದಲ ದಿನ: ‘ಮುದುಕ ಮನೆಯೊಳಗೆ ಹೋದ. ಮುದುಕಿ ಅವನ ಮುಖವನ್ನು ಎರಡೂ ಕೈಯಿಂದ ತಡವಿ, “ಎಷ್ಟು ಸುಕ್ಕಾಗಿದ್ದೀಯೋ ತಮ್ಮಾ” ಅಂದಳು. ಸುಕ್ಕು ಎಂಬುದು ಗುಪ್ತ ಸಂಕೇತ ಇರಬಹುದು.’ ಎರಡನೆಯ ದಿನ: ‘ಮುದುಕಿಯ ತಲೆಗೆ ಹರಳೆಣ್ಣೆ ಹಚ್ಚಿದ. ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಕುಡಿಸಿದ. ಸೋಸಿದ ಬಟ್ಟೆಯನ್ನು ನಾವು ವಶಪಡಿಸಿಕೊಂಡಿದ್ದೇವೆ.’ ಮೂರನೆಯ ದಿನ: ‘ಸೂರಿನ ಹುಲ್ಲು ಸರಿ ಮಾಡಿದ. ತಲೆದಿಂಬಿನ ಪಕ್ಕ ನೀರಿನ ಚೊಂಬು ಇಟ್ಟುಕೊಂಡೇ ಮಲಗುತ್ತಾನೆ. ಯಾಕೆ?’

ಯಾಕೆ ಅಂತ ನನಗೆ ಗೊತ್ತಿತ್ತು. ಬರೆಯಲಿಲ್ಲ.

ನಾಲ್ಕನೆಯ ದಿನದ ವರದಿಯಲ್ಲಿ ಅವರಿಬ್ಬರ ಮಾತೇ ಇತ್ತು. ಅಕ್ಕ ಅಂದಳಂತೆ: ‘ಸೋಸಿದ ಗಂಜಿ ಇಳೀತಾ ಇದೆ ಕಣೋ. ನೀನು ಬಂದ ಮೇಲೆ ಜೀವ ಗಟ್ಟಿಯಾಗ್ತಿದೆ. ಏಳು ದಿನದೊಳಗೆ ಸಾಯೋ ಹಾಗೆ ಕಾಣಲ್ಲ. ಬೇಜಾರು ಮಾಡ್ಕೋಬೇಡ.’

‘ಅಯ್ಯೋ, ಬದುಕಕ್ಕ. ಅದಕ್ಕೂ ಬೇಜಾರಾ?’

‘ಅಲ್ವೋ, ನೀನು ಹದಿನಾಲ್ಕು ವರ್ಷ ಬೇಡಿ ಒಂದು ಸಲ ಬಂದಿದ್ದೀಯ. ನಾನು ನೋಡಿದ್ರೆ ಎದ್ದು ಕೂತ್ಕೊಂಡಿದ್ದೀನಿ. ನೀನು ಹೋದ ಮಾರನೇ ದಿನ ಹೋದರೆ ಏನು ಮಾಡೋದು?’

ಮುದುಕ ಒಲೆಗೆ ಪುಳ್ಳೆ ಹಾಕಿದನಂತೆ.

ಐದನೆಯ ದಿನ ಹಿಂಬಾಲಕರಿಬ್ಬರೂ ಜಗಳ ಆಡಿಕೊಂಡು ಬಂದರು. ಅಕ್ಕ ಇವರಿಗೂ ಬಾಗಿಲ ಹೊರಗೆ ಗಂಜಿ ಇಡಿಸಿದ್ದಳಂತೆ. ‘ಇವನು ಕುಡಿದ’ ಅಂತ ಅವನು, ‘ಅವನು ಎರಡು ಬಟ್ಟಲು ಕುಡಿದ’ ಅಂತ ಇವನು. ಇಬ್ಬರನ್ನೂ ಪ್ರಶ್ನೆ ಮಾಡಲು ಕೂರಿಸಿದರು. ಹೀಗಾಗಿ ಕೊನೆಯ ಎರಡು ದಿನ ಮುದುಕನನ್ನು ನೋಡುವವರು ಯಾರೂ ಇರಲಿಲ್ಲ. ಈ ಎರಡು ದಿನವನ್ನು ನೆನಪಿನಲ್ಲಿಡಿ, ಮುಂದೆ ಬೇಕು.

ಇತ್ತ ಕೋಣೆಯಲ್ಲಿ ಅಗೆತ. ಮೊದಲ ದಿನ ಮೊಣಕಾಲುದ್ದ ಅಗೆದರು. ಏನೂ ಸಿಗಲಿಲ್ಲ. ‘ಏನೂ ಸಿಗಲಿಲ್ಲ ಅಂದ್ರೆ ಆಳವಾಗಿ ಇಟ್ಟಿದ್ದಾನೆ’ ಅಂದರು ಮೇಷ್ಟ್ರು. ಎರಡನೆಯ ದಿನ ಸೊಂಟದುದ್ದ. ಮೂರನೆಯ ದಿನ ಆಳುದ್ದ. ಏನೂ ಸಿಗದಷ್ಟೂ ಅವರ ಉತ್ಸಾಹ ಹೆಚ್ಚಿತು. ಆರನೆಯ ದಿನ ಏಣಿ ಇಳಿಬಿಟ್ಟರು. ಏಳನೆಯ ದಿನ ಮಧ್ಯಾಹ್ನ ನೀರು ಬಂತು. ತಿಳಿಯಾದ, ಸಿಹಿನೀರು. ಅದನ್ನು ಯಾರೂ ಕುಡಿಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮುದುಕನ ಕೋಣೆ ಇದ್ದ ಜಾಗದಲ್ಲಿ ಈಗ ಬಾವಿ.

ಹೊತ್ತು ಇಳಿಯುವಾಗ ಬಾಗಿಲು ತಟ್ಟಿದ ಸದ್ದು.

‘ಯಾರು?’

‘ನಾನೇ, ಹಿರಿಯ ಕೈದಿ. ಬಂದಿದ್ದೀನಿ, ತೆಗೀರಿ.’

ಐವರು ಶಂಕೆಗಾರರೂ ಬಾಗಿಲ ಮೇಲಿನ ಕಟ್ಟೆಗೆ ಓಡಿ ಕೆಳಗೆ ಬಗ್ಗಿ ನೋಡಿದರು. ನಾನೂ ನೋಡಿದೆ. ಮುದುಕ ಕೋಲೂರಿ ನಿಂತಿದ್ದ. ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು. ಅಂಗಿ ಒಗೆದದ್ದು. ಏಳು ದಿನ ಹೊಟ್ಟೆ ತುಂಬ ಉಂಡವನ ಮುಖ.

‘ಓಡಿ ಹೋಗಲಿಲ್ವಾ?’ ಅಂದಳು ಬಳೆಗಾರ್ತಿ.

‘ಇಲ್ಲ ತಾಯಿ.’

‘ಯಾಕೆ?’

‘ಬರ್ತೀನಿ ಅಂದಿದ್ದೆ.’

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೈದ್ಯ ಮೆಲ್ಲಗೆ ಅಂದ, ‘ಯಾವ ಕೈದಿಯಾದ್ರೂ ತಾನಾಗೇ ವಾಪಸು ಬರ್ತಾನೇನ್ರೀ?’

‘ಬರಲ್ಲ,’ ಅಂದರು ಮೇಷ್ಟ್ರು.

‘ಹಾಗಾದ್ರೆ ಬಂದಿರೋನು ಕೈದಿ ಅಲ್ಲ.’

‘ಕೊನೇ ಎರಡು ದಿನ ಯಾರೂ ನೋಡಿಲ್ಲ!’ ಗಾಣದವನು ತೊಡೆ ತಟ್ಟಿಕೊಂಡ. ‘ಆಗಲೇ ಆಳು ಬದಲಾಗಿದೆ. ಅವನು ಎಲ್ಲೋ ಹೋದ, ಇವನನ್ನ ಕಳಿಸಿದ. ಕೋಣೇಲಿ ಇಟ್ಟಿರೋದನ್ನ ತಗೊಂಡು ಬಾ ಅಂತ.’

ಕಾವಲುಗಾರನಿಗೆ ತಡೆಯಲಾಗಲಿಲ್ಲ. ‘ಅಜ್ಜನೇ ಸ್ವಾಮಿ ಅದು! ಇಪ್ಪತ್ತು ವರ್ಷ ಜೊತೆಗೆ ಉಂಡಿದ್ದೀನಿ, ನನಗೆ ಗೊತ್ತಾಗಲ್ವಾ?’

ಹಿರಿಯ ಶಂಕೆಗಾರ ನಿಧಾನವಾಗಿ ತಿರುಗಿದ. ‘ಕೇಳದೇನೇ ಸಾಕ್ಷಿ ಹೇಳ್ತೀಯಲ್ಲ. ಅವನ ಅಕ್ಕನ ಗಂಜಿ ನೀನೂ ಕುಡಿದ್ಯಾ?’ ಕಾವಲುಗಾರ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಹಿರಿಯ ಶಂಕೆಗಾರ ನನಗೆ ಅಂದ, ‘ದಫ್ತರ ತೆಗಿ. ಹಿರಿಯ ಕೈದಿಯ ಚಹರೆ ಓದು.’

ಈಗ ನಿಮಗೊಂದು ವಿಷಯ ಹೇಳಬೇಕು. ದಫ್ತರದಲ್ಲಿ ಆ ಕೈದಿಗೆ ಎರಡು ಪುಟ ಇದ್ದವು. ಒಂದು ಅವನು ಒಳಗೆ ಬಂದ ದಿನ ಬರೆದದ್ದು. ಇನ್ನೊಂದು ಹಿಂದಿನ ವರ್ಷ ನಾನೇ ಬರೆದದ್ದು. ಯಾವ ಪುಟ ಓದು ಅಂತ ಹಿರಿಯ ಶಂಕೆಗಾರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೊದಲು ಬರುವುದನ್ನು ಮೊದಲು ಓದುವುದು ಕ್ರಮ. ಓದಿದೆ.

‘ಕೂದಲು, ಕಡುಕಪ್ಪು, ದಟ್ಟ.’

ಐವರೂ ಕೆಳಗೆ ನೋಡಿದರು. ಎಣ್ಣೆ ಹಚ್ಚಿದ ನಾಲ್ಕು ಬಿಳಿ ಎಳೆ.

‘ಹಲ್ಲು, ಮೂವತ್ತೆರಡು.’

‘ಏಯ್, ಬಾಯಿ ಬಿಡು!’ ಮುದುಕ ಬಿಟ್ಟ. ಬಳೆಗಾರ್ತಿ ಎಣಿಸಿದಳು. ‘ಮೂರು.’

‘ಬೆನ್ನು, ನೆಟ್ಟಗೆ. ನಡಿಗೆ, ಚುರುಕು. ದನಿ, ಎರಡು ಬೀದಿಗೆ ಕೇಳುವಂಥದ್ದು.’

‘ಸಾಕು,’ ಅಂದ ಹಿರಿಯ ಶಂಕೆಗಾರ. ಅವನ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಐದು ಮುದ್ದೆ ತರಿಸಿದ. ಐವರೂ ಕಟ್ಟೆಯಿಂದಲೇ ಬಗ್ಗಿ ಬಾಗಿಲಿಗೆ ಎಸೆದರು. ಪಟ್, ಪಟ್, ಪಟ್, ಪಟ್, ಪಟ್.

ಮುದುಕನಿಗೆ ಅರ್ಥವಾಗಲಿಲ್ಲ. ಕೋಲಿನಿಂದ ಬಾಗಿಲು ಕುಟ್ಟಿದ. ‘ನಾನೇ ಸ್ವಾಮಿ! ಕೊಂದಿದ್ದು ನಾನೇ! ಯಾವ ಆಣೆ ಬೇಕಾದ್ರೂ ಹಾಕ್ತೀನಿ. ನನ್ನ ಕೋಣೆ ಎಡಗಡೆ ಮೂರನೇದು, ಗೋಡೇಲಿ ಬಿರುಕಿದೆ, ಬೇಕಾದ್ರೆ ನೋಡಿ!’

‘ಅಲ್ಲಿ ಬಾವಿ ಇದೆ ಕಣಯ್ಯ,’ ಅಂದರು ಮೇಷ್ಟ್ರು ಗೆದ್ದ ದನಿಯಲ್ಲಿ. ‘ಅಷ್ಟೂ ತಿಳ್ಕೊಂಡು ಬಂದಿಲ್ಲ!’

‘ನನ್ನ ಒಳಗೆ ಬಿಡಿ. ಇಲ್ಲದಿದ್ರೆ ಆ ಹನ್ನೊಂದು ಜನಕ್ಕೆ...’

‘ನೋಡಿದ್ರಾ, ಅವರ ಲೆಕ್ಕವೂ ಹೇಳಿಕೊಟ್ಟು ಕಳಿಸಿದ್ದಾರೆ.’

ಐವರೂ ನಿಜವಾದ ಹಿರಿಯ ಕೈದಿಯನ್ನು ಹುಡುಕಿಸಲು ಕೆಳಗಿಳಿದು ಹೋದರು. ಕಟ್ಟೆಯ ಮೇಲೆ ನಾನೊಬ್ಬ ಉಳಿದೆ. ಮುದುಕ ಬಾಗಿಲಿಗೆ ಹಣೆ ಊರಿ ನಿಂತಿದ್ದ. ಹಸಿಮಣ್ಣು ಹಣೆಗೆ ಅಂಟಿತ್ತು. ನಾನು ಬಗ್ಗಿ, ಯಾರಿಗೂ ಕೇಳದ ಹಾಗೆ ಅಂದೆ, ‘ಅಜ್ಜಾ, ಅಕ್ಕನಿಗೆ ಸಂಜೆಯ ಗಂಜಿ ಯಾರು ಸೋಸ್ತಾರೆ?’

ಅವನು ತಲೆಯೆತ್ತಿ ನೋಡಿದ. ನನ್ನ ಕೈಲಿದ್ದ ದಫ್ತರ ನೋಡಿದ. ಬಹಳ ಹೊತ್ತು ನೋಡಿದ. ಅವನಿಗೂ ಸಂಶಯ ಬಂದಿರಬೇಕು, ನಲವತ್ತೇಳು ವರ್ಷ ನಮ್ಮೂರಿನ ಕೋಟೆಯಲ್ಲಿದ್ದವನಲ್ಲವೇ. ಆಮೇಲೆ ಹಣೆ ಒರೆಸಿಕೊಂಡು ಗುಡ್ಡ ಇಳಿದ. ಇಳಿಯುವಾಗ ಮೂರು ಸಲ ತಿರುಗಿ ನೋಡಿದ, ಯಾರಾದರೂ ವಾಪಸು ಕರೆಯುತ್ತಾರೇನೋ ಅಂತ.

ಎಲ್ಲವೂ ಚೆನ್ನಾಗಾಯಿತು ಎಂದುಕೊಳ್ಳಬೇಡಿ. ಮರುವರ್ಷ ಒಳಗಿನ ಹನ್ನೊಂದು ಮುದುಕರೂ ‘ಬೇಡ’ ಅಂದರು. ನಮ್ಮವರು ಅಷ್ಟು ದಡ್ಡರಲ್ಲ. ಬೇಕು ಅಂದವನಿಗೂ ಐದು ಮುದ್ದೆ, ಬೇಡ ಅಂದವನಿಗೂ ಐದು ಮುದ್ದೆ ಎಂದು ತೀರ್ಮಾನವಾಯಿತು. ಬಾಗಿಲಿನ ಮರ ಮತ್ತೆ ಮುಚ್ಚಿಹೋಯಿತು. ಹನ್ನೊಂದರಲ್ಲಿ ನಾಲ್ವರು ಒಳಗೇ ತೀರಿಕೊಂಡರು. ಹಿರಿಯ ಕೈದಿ ಹುಣ್ಣಿಮೆಗೊಮ್ಮೆ ಗುಡ್ಡ ಹತ್ತಿ ಬಂದು, ‘ನನ್ನ ತಗೊಳ್ಳಿ, ಅವರಲ್ಲಿ ಒಬ್ಬರನ್ನ ಬಿಡಿ’ ಎಂದು ಬಾಗಿಲು ತಟ್ಟುತ್ತಿದ್ದ. ಯಾರ ಕಡೆಯವನು ಅಂತ ಕೇಳಿ ಓಡಿಸುತ್ತಿದ್ದರು.

ಅಕ್ಕ ಮಾತ್ರ ಅವಸರ ಮಾಡಲಿಲ್ಲ. ಇನ್ನೂ ಎರಡು ವರ್ಷ ನಾಲ್ಕು ತಿಂಗಳು ಸೋಸಿದ ಗಂಜಿ ಕುಡಿದಳು. ಒಂದು ಮಧ್ಯಾಹ್ನ ‘ತಮ್ಮಾ’ ಅಂದಳು. ಅವನು ಅಲ್ಲೇ ಇದ್ದ, ಚೊಂಬು ಕೈಗೆಟುಕುವಲ್ಲೇ ಇತ್ತು. ನಾಲ್ಕು ತೊಟ್ಟು ಬಿಟ್ಟ. ನಾಲ್ಕೂ ಇಳಿದವು.

ನಾನು ಇಷ್ಟೆಲ್ಲ ಹೇಳಿದ್ದು ನಿಜವೋ ಅಲ್ಲವೋ ಅಂತ ನಿಮಗೆ ಅನುಮಾನ ಬಂದಿರಬೇಕು. ಬರಬೇಕಾದ್ದೇ. ಬೇಕಿದ್ದರೆ ಕೋಟೆಗೆ ಹೋಗಿ ದಫ್ತರ ತೆಗೆಸಿ ನೋಡಿ, ನನ್ನ ಅಕ್ಷರದಲ್ಲೇ ಇದೆ. ಅವನು ವಾಪಸು ಬಂದು ಬಾಗಿಲು ತಟ್ಟಿದ ಆ ಸಂಜೆಯೇ ಅವರು ಹೇಳಿದರು, ನಾನು ಬರೆದುಕೊಂಡೆ: ಹಿರಿಯ ಕೈದಿ ಪರಾರಿಯಾದ ದಿನ, ಸಾಧಾರಣ ಸಂವತ್ಸರದ ಮಾರ್ಗಶಿರ ಶುದ್ಧ ದ್ವಾದಶಿ, ಬುಧವಾರ.